ತಾಳೆಯ ಗರಿ, ತಾಳೆಯ ಕಳ್ಳು

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಮೂಡುಬಿದಿರೆಗೆ ಹೊರಟುದು ಓಲೆಗರಿಗಳನ್ನು ಕಣ್ಣಾರೆ ಕಂಡು ಬರುವ ಆಸೆಯಿಂದ. ಕಳ್ಳನ್ನು ಕುರಿತು ಲೇಖನ ಬರೆಯುವೆನೆಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆನು. ನಮ್ಮದು ಕಾಫಿಯನ್ನು ಎರಡನೆಯ ಲೋಟ ಕೇಳಿದರೂ ಹುಬ್ಬೇರಿಸುವ ಮನೆತನ. ಆದರೆ ಪ್ರವಾಸವೆಂಬುದೇ ಹಾಗೆ. ಹುಡುಕಿಕೊಂಡು ಹೋದುದು ಒಂದು, ಕೈಗೆ ಸಿಕ್ಕುದು ಇನ್ನೊಂದು. ಹಿಂದಿರುಗಿ ಬಂದ ರಾತ್ರಿ ನನ್ನ ಚೀಲವನ್ನು ಮೂಸಿ ನೋಡಿದ ನನ್ನಾಕೆ, "ಓಲೆಗರಿಯ ವಾಸನೆ ಹೀಗಿರುತ್ತದೆಂದು ನನಗೆ ಗೊತ್ತಿರಲಿಲ್ಲ" ಎಂದಳು. ಆ ವಾಸನೆಯ ಪೂರ್ವವೃತ್ತಾಂತವನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೂಡುಬಿದಿರೆ ಮಂಗಳೂರಿನಿಂದ ಸುಮಾರು ೩೫ ಕಿಲೋಮೀಟರ್ ಒಳನಾಡಿನಲ್ಲಿದೆ. ಹದಿನೆಂಟು ಬಸದಿಗಳ ಈ ಊರನ್ನು ಜೈನರ ಕಾಶಿಯೆಂದು ಕರೆಯುವುದುಂಟು. ೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ಎಲ್ಲರೂ ನೋಡುತ್ತಾರೆ; ಅದರ ಚಿತ್ರಗಳೂ ಬೇಕಾದಷ್ಟು ಬಂದಿವೆ. ನನ್ನಂತಹ ಕನ್ನಡ ಮೇಷ್ಟರಿಗೆ ಈ ಊರೆಂದರೆ ಮೊದಲು ನೆನಪಿಗೆ ಬರುವುದು ಧವಲ, ಜಯಧವಲ, ಮಹಾಧವಲಗಳೆಂಬ ಸಿದ್ಧಾಂತ ಗ್ರಂಥಗಳು. ಪ್ರಾಕೃತ ಭಾಷೆಯ ಆ ಮಹಾಗ್ರಂಥಗಳು ಹಳೆಯ ಕನ್ನಡ ಲಿಪಿಯಲ್ಲಿ, ಶ್ರೀತಾಳೆಯ ಗರಿಗಳ ಮೇಲೆ, ಈ ಊರಿನಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿ ಉಳಿದುಬಂದವು. ನಾನು ಮುಟ್ಟಿ ನೋಡಿದುದು ಅವನ್ನಲ್ಲ. ಪರಿಚಿತರೊಬ್ಬರ ಮನೆಯ ಅಟ್ಟದಲ್ಲಿದ್ದ, ಹುಳು ತಿಂದ, ಹೆಸರಿಲ್ಲದ ಒಂದು ಸಾಧಾರಣ ಕಟ್ಟು. ಗರಿಯನ್ನು ಬೇಯಿಸಿ, ಒಣಗಿಸಿ, ನುಣುಪು ಮಾಡಿ, ಕಬ್ಬಿಣದ ಕಂಠದಿಂದ ಕೊರೆದು, ಮಸಿ ಸವರಿ ಒರೆಸಿದ ಅಕ್ಷರಗಳು. ಬೆರಳಿನಿಂದ ಸವರಿದರೆ ಅಕ್ಷರದ ಆಳ ತಿಳಿಯುತ್ತಿತ್ತು. ತಾಳೆಯ ಜಾತಿಯ ಮರಗಳು ಇಲ್ಲದಿದ್ದರೆ ನಮ್ಮ ಪಂಪ ರನ್ನರು ನಮ್ಮವರೆಗೆ ಬರುತ್ತಿರಲಿಲ್ಲವಲ್ಲ ಎಂದು ಒಂದು ಗಳಿಗೆ ಮನಸ್ಸು ತುಂಬಿ ಬಂದಿತು.

ಆದರೆ ನನ್ನ ಪ್ರಯಾಣದಲ್ಲಿ ಇನ್ನೊಂದು ಕಾರ್ಯವೂ ಇತ್ತು. ಅದನ್ನು ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ಮೊದಲು ಹೇಳಬೇಕು.

ಹಿಂದಿನ ವರ್ಷ ಐಚ್ಛಿಕ ಕನ್ನಡದ ತರಗತಿಯಲ್ಲಿ ನಾನು ಪಂಪನ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸವನ್ನು ಪಾಠ ಮಾಡುತ್ತಿದ್ದೆನು. ಪಾನಗೋಷ್ಠಿಯ ಭಾಗ. ಹತ್ತನೆಯ ಶತಮಾನದ ಆ ಮಹಾಕವಿ ಕಳ್ಳಿನ ಬಗೆಗಳನ್ನೂ ಅದನ್ನು ಕುಡಿಯುವ ಪಾತ್ರೆಗಳನ್ನೂ ಕುಡಿದವರ ತೊದಲುಗಳನ್ನೂ ಎಷ್ಟು ಮುದ್ದಾಗಿ ಬಣ್ಣಿಸಿದ್ದಾನೆಂದರೆ, ಪಾಠ ಹೇಳುವ ಮೇಷ್ಟರಿಗೂ ಒಂದಿಷ್ಟು ಅಮಲೇರದೆ ಇರದು. ಆ ಅಮಲಿನಲ್ಲಿ ನಾನು, "ಕಳ್ಳಿಗೆ ಸುವಾಸನೆಯಿರುವುದು ಕಾವ್ಯದಲ್ಲಿ ಮಾತ್ರ. ಬೀದಿಯಲ್ಲಿ ಮೂಗು ಮುಚ್ಚಿಕೊಳ್ಳಬೇಕು. ಅದನ್ನು ಇಳಿಸುವವನಿಗಂತೂ ದೇವರು ಮೂಗನ್ನೇ ಕೊಟ್ಟಿರಲಾರ" ಎಂದುಬಿಟ್ಟೆನು. ತರಗತಿ ನಕ್ಕಿತು. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಹುಡುಗ ಮಾತ್ರ ತಲೆ ತಗ್ಗಿಸಿ ಪುಸ್ತಕವನ್ನೇ ನೋಡುತ್ತಿದ್ದನು. ಅಂದು ಅದರ ಅರ್ಥ ನನಗಾಗಲಿಲ್ಲ.

ಎರಡು ತಿಂಗಳಾದ ಮೇಲೆ ವಿದ್ಯಾರ್ಥಿವೇತನದ ಅರ್ಜಿಗಳಿಗೆ ಸಹಿ ಹಾಕುತ್ತಿದ್ದಾಗ ಅವನ ಅರ್ಜಿ ನನ್ನ ಕೈಗೆ ಬಂದಿತು. ತಂದೆಯ ಉದ್ಯೋಗವೆಂಬಲ್ಲಿ ಏನನ್ನೋ ಬರೆದು, ಗೀಚಿ, ಅದರ ಮೇಲೆ 'ಕೃಷಿ' ಎಂದು ಬರೆದಿತ್ತು. ಗೀಚಿದ್ದು ಏನೆಂದು ಕೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರ್ತೆ, ಸಾರ್" ಎಂದನು. ಘಟ್ಟದ ಮೇಲಿನ ನನಗೆ ಆ ಮಾತು ತಿಳಿಯದು. "ಹಾಗೆಂದರೇನು?" ಎಂದೆನು. "ಕಳ್ಳು ತೆಗೆಯುವುದು, ಸಾರ್" ಎಂದನು. ಹಿಂದಿನ ಬೆಂಚು ಆಗ ನೆನಪಾಯಿತು.

ಅಂದು ನಾನು ಕ್ಷಮೆ ಕೇಳಲಿಲ್ಲ. ಮೇಷ್ಟರಿಗೆ ಅದು ಸುಲಭವಾಗಿ ಬರುವ ವಿದ್ಯೆಯಲ್ಲ. ಬೇಸಿಗೆಯಲ್ಲಿ ಮೂಡುಬಿದಿರೆಗೆ ಬರುವೆನೆಂದು ಹೇಳಿದಾಗ ಅವನು ಹಿಂದುಮುಂದು ನೋಡಿ, "ನಮ್ಮ ಮನೆ ಅಲ್ಲಿಂದ ಎಂಟು ಮೈಲಿ. ಬರುವುದಿದ್ದರೆ ಬೆಳಗ್ಗೆ ಆರರ ಒಳಗೆ ಬರಬೇಕು, ಸಾರ್. ಆಮೇಲೆ ಬಂದರೆ ಅಪ್ಪ ಸಿಗುವುದಿಲ್ಲ" ಎಂದನು. ಅದು ಆಹ್ವಾನವೋ ಪರೀಕ್ಷೆಯೋ ನನಗೆ ಇಂದಿಗೂ ತಿಳಿಯದು.

ಐದೂವರೆಗೆ ಆಟೋರಿಕ್ಷಾ ಹಿಡಿದು ಹೊರಟೆನು. ತುಳುನಾಡಿನ ಹಳ್ಳಿ ನಮ್ಮ ಬಯಲುಸೀಮೆಯ ಹಳ್ಳಿಯಂತಲ್ಲ. ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಗದ್ದೆಯ ಬದುವಿನಲ್ಲಿ ಒಂದು ಮನೆ, ಗುಡ್ಡದ ಬುಡದಲ್ಲಿ ಇನ್ನೊಂದು. ನಡುವೆ ಅಡಕೆಯ ತೋಟ, ತೆಂಗು, ಹಲಸು. ಅಲ್ಲಲ್ಲಿ ಒಂಟಿಯಾಗಿ ತಾಳೆಯ ಮರ ಬೀಸಣಿಗೆಗಳ ಗೊಂಚಲನ್ನು ತಲೆಯ ಮೇಲೆ ಹೊತ್ತು ನಿಂತಿರುತ್ತದೆ. ಕಾಡಿನಂಚಿನಲ್ಲಿ ಬೈನೆಯ ಮರ. ಅದನ್ನೇ ಮಲೆನಾಡಿನವರು ಬಗನಿಯೆನ್ನುವರು. ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ಅದರ ಕಳ್ಳು ಹೊಸದಲ್ಲ. ತೆಂಗು, ತಾಳೆ, ಬೈನೆ, ಈ ಮೂರೂ ಇಲ್ಲಿ ಕಳ್ಳಿನ ಮರಗಳು. ತಾಳೆ ಚಳಿಗಾಲ ಬೇಸಿಗೆಗಳಲ್ಲಿ ಕೊಡುತ್ತದೆ. ತೆಂಗಿಗೆ ಅಂತಹ ಕಟ್ಟಿಲ್ಲ. ಶ್ರೀತಾಳೆ ಮಾತ್ರ ಈ ಪಂಕ್ತಿಗೆ ಸೇರದು. ಅದು ಹಲವು ದಶಕಗಳ ಬಾಳಿನಲ್ಲಿ ಒಂದೇ ಸಲ ಹೂವಾಗಿ ಸತ್ತುಹೋಗುತ್ತದೆ.

ಹುಡುಗ ದಣಪೆಯ ಬಳಿ ಕಾದು ನಿಂತಿದ್ದನು. ಅವನ ತಂದೆ ಐವತ್ತು ದಾಟಿದವರು; ಕಪ್ಪು, ಸಣಕಲು, ಕಾಲಿನ ಮೀನಖಂಡಗಳು ಮಾತ್ರ ಹಗ್ಗ ಹೊಸೆದಂತಿದ್ದವು. ಸೊಂಟದ ಹಿಂದೆ ಮರದ ಒರೆಯಲ್ಲಿ ಅಗಲವಾದ ಕತ್ತಿ, ಪಕ್ಕದಲ್ಲಿ ಒಣಗಿದ ಸೋರೆಯ ಬುರುಡೆ. "ಬನ್ನಿ ಮಾಸ್ಟ್ರೇ. ಕೂತುಕೊಳ್ಳಿ ಅಂತ ಹೇಳಲಿಕ್ಕೆ ಈಗ ಪುರುಸೊತ್ತಿಲ್ಲ. ಮರ ಕಾಯುವುದಿಲ್ಲ" ಎಂದು ನಕ್ಕು ನಡೆದೇಬಿಟ್ಟರು. ನಾವಿಬ್ಬರೂ ಹಿಂದೆ ಓಡಿದೆವು.

ಕಳ್ಳು ಇಳಿಸುವುದೆಂದರೆ ಮರಕ್ಕೆ ಗಾಯ ಮಾಡಿ ಗಡಿಗೆ ಕಟ್ಟುವುದೆಂದು ನಾನು ತಿಳಿದಿದ್ದೆನು. ಹಾಗಲ್ಲ. ತೆಂಗಿನಲ್ಲಿ ಹೊಂಬಾಳೆ ಇನ್ನೂ ಒಡೆಯದೆ ಕತ್ತಿಯ ಒರೆಯಂತೆ ಮುಚ್ಚಿಕೊಂಡಿರುವಾಗಲೇ ಅದನ್ನು ಗುರುತಿಸಬೇಕು. ಒಡೆಯದಂತೆ ನಾರಿನಿಂದ ಬಿಗಿಯಾಗಿ ಸುತ್ತಬೇಕು. ಆಮೇಲೆ ದಿನವೂ ಅದನ್ನು ಪುಟ್ಟ ಕೊಡತಿಯಿಂದ, ಕೆಲವರು ಎಲುಬಿನ ತುಂಡಿನಿಂದ, ಸುತ್ತಲೂ ಮೆಲ್ಲಗೆ ತಟ್ಟುತ್ತ ಬರಬೇಕು. ಜೋರಾಗಿ ತಟ್ಟಿದರೆ ಒಳಗಿನ ಎಳೆಯ ಹೂವು ನಜ್ಜುಗುಜ್ಜಾಗಿ ಕೊಳೆಯುತ್ತದೆ. ಮೆತ್ತಗಾದರೆ ರಸ ಇಳಿಯುವುದಿಲ್ಲ. ಹೊಂಬಾಳೆಯನ್ನು ದಿನದಿನಕ್ಕೂ ಒಂದಿಷ್ಟು ಬಾಗಿಸುತ್ತ ತರಬೇಕು. ತುದಿಯನ್ನು ಕೊಯ್ದು, ಎಂಟು ಹತ್ತು ದಿನ ಹೀಗೆ ಉಪಚರಿಸಿದ ಮೇಲೆ ಒಂದು ಮುಂಜಾನೆ ಅಲ್ಲಿ ಹನಿಯೊಂದು ನಿಲ್ಲುತ್ತದೆ. ಅಂದು ಗಡಿಗೆ ಕಟ್ಟಬೇಕು. ಅನಂತರ ಬೆಳಗು ಸಂಜೆ ಮರ ಹತ್ತಿ, ಕೂಡಿದುದನ್ನು ಬುರುಡೆಗೆ ಸುರಿದುಕೊಂಡು, ಒಣಗಿದ ತುದಿಯನ್ನು ಕಾಗದದಷ್ಟು ತೆಳ್ಳಗೆ ಹೆರೆದು ಮತ್ತೆ ಹಸಿ ಮಾಡಬೇಕು. ಒಂದು ದಿನ ತಪ್ಪಿದರೆ ಬಾಯಿ ಮುಚ್ಚಿತು. ವಾರದ ಶ್ರಮವೂ ಹೋಯಿತು. ಚೆನ್ನಾಗಿ ನೋಡಿಕೊಂಡರೆ ಒಂದು ಹೊಂಬಾಳೆ ತಿಂಗಳಿಗೂ ಮಿಕ್ಕಿ ಒಸರುತ್ತದೆ. ಒಳ್ಳೆಯ ಮರ ದಿನಕ್ಕೆ ಒಂದೂವರೆ ಎರಡು ಲೀಟರು ಕೊಡುತ್ತದೆ. ತಾಳೆಯದು ಇನ್ನೂ ಕಠಿಣ. ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಹೂವಿನ ಬೆರಳುಗಳನ್ನು ಕಟ್ಟಾಗಿ ಕಟ್ಟಿ, ಮರದ ಇಕ್ಕುಳದಿಂದ ಅದುಮಿ ಹದ ಮಾಡಬೇಕು.

ಇಷ್ಟನ್ನೂ ಅವರು ನನಗೆ ಹೇಳಿದುದು ಮರದ ಮೇಲಿನಿಂದ. ನಾನು ಕತ್ತೆತ್ತಿ, ಕೊರಳು ನೋಯುವಂತೆ ಕೇಳುತ್ತಿದ್ದೆನು. ಪಾದಗಳಿಗೆ ತಳೆ ಸಿಕ್ಕಿಸಿ, ಎರಡು ಕೈಯಿಂದ ಕಾಂಡವನ್ನು ತಬ್ಬಿ, ಕಪ್ಪೆಯಂತೆ ನೆಗೆನೆಗೆದು ಅವರು ಏರಿದುದು ನಾನು ಕನ್ನಡಕ ಒರೆಸಿಕೊಳ್ಳುವಷ್ಟು ಹೊತ್ತಿನಲ್ಲಿ. ಮೇಲಿನಿಂದ ಟಪ್, ಟಪ್, ಟಪ್ ಎಂಬ ಸದ್ದು. ಒಂದೇ ಲಯ. "ಅಪ್ಪ ಯಾವ ಮರದಲ್ಲಿದ್ದಾರೆಂದು ಅಮ್ಮನಿಗೆ ಮನೆಯಿಂದಲೇ ಗೊತ್ತಾಗುತ್ತದೆ. ಸದ್ದು ನಿಂತು ಬಹಳ ಹೊತ್ತಾದರೆ ಹೊರಗೆ ಬಂದು ಕೂಗುತ್ತಾರೆ" ಎಂದನು ಹುಡುಗ. ಯಾಕೆ ಕೂಗುತ್ತಾರೆಂದು ನಾನು ಕೇಳಲಿಲ್ಲ. ಮಳೆಗಾಲದ ತೆಂಗಿನ ಕಾಂಡ ಪಾಚಿ ಹಿಡಿದು ಹೇಗಿರುತ್ತದೆಂಬುದನ್ನು ಊಹಿಸಬಹುದು.

ಆತನದು ಆಗ ಹನ್ನೆರಡು ಮರ. ಮರಕ್ಕೆ ನಲವತ್ತಡಿಯೆಂದು ಹಿಡಿದು, ದಿನಕ್ಕೆ ಎರಡು ಸಲ ಹತ್ತಿದರೆ ಎಷ್ಟಾಯಿತೆಂದು ಲೆಕ್ಕ ಹಾಕಿದೆನು: ೯೬೦ ಅಡಿ. ದಿಲ್ಲಿಯ ಕುತುಬ್ ಮಿನಾರಿನ ಎತ್ತರ ೨೩೮ ಅಡಿ. ಈ ಮನುಷ್ಯ ಪ್ರತಿದಿನವೂ ನಾಲ್ಕು ಕುತುಬ್ ಮಿನಾರುಗಳನ್ನು ಮೆಟ್ಟಿಲಿಲ್ಲದೆ ಹತ್ತಿ ಇಳಿಯುತ್ತಾನೆ. ನಾನೋ, ಕಾಲೇಜಿನ ಎರಡನೆಯ ಮಹಡಿಯ ತರಗತಿಯನ್ನು ಕೆಳಗೆ ಹಾಕಿಸಿಕೊಡಿರೆಂದು ಪ್ರಾಂಶುಪಾಲರಿಗೆ ಪತ್ರ ಬರೆದವನು.

ಮರದಿಂದಿಳಿದು ಅವರು ಬುರುಡೆಯನ್ನು ನನ್ನ ಮುಂದೆ ಹಿಡಿದರು. ಮೇಲೆ ಬಿಳಿಯ ನೊರೆ, ಅದರಲ್ಲಿ ಎರಡು ಜೇನುನೊಣ, ಒಂದಿಷ್ಟು ಇರುವೆ. ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದನು. ಅವನಿಗೆ ನನ್ನ 'ಮೂಗಿನ' ಮಾತು ನೆನಪಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ. "ಇದು ಸೀ ಉಂಟು ಮಾಸ್ಟ್ರೇ, ಸುಣ್ಣ ಬಳಿದ ಗಡಿಗೆಯದ್ದು. ಮಕ್ಕಳು ಕೂಡ ಕುಡಿಯುತ್ತಾರೆ" ಎಂದರು ತಂದೆ. ನೊಣಗಳನ್ನು ಊದಿ ಸರಿಸಿ, ಬಟ್ಟೆಯಲ್ಲಿ ಸೋಸಿ, ತೆಂಗಿನ ಚಿಪ್ಪಿನಲ್ಲಿ ಕೊಟ್ಟರು. ಕುಡಿದೆನು. ಎಳನೀರಿಗಿಂತ ಸಿಹಿ, ಕಬ್ಬಿನ ಹಾಲಿಗಿಂತ ಹಗುರ; ಹಿಂದೆ ಏನೋ ಒಂದು ಹಸಿ ಹೂವಿನ ಕಂಪು. ಅದಕ್ಕೆ ವಾಸನೆಯಿತ್ತು ನಿಜ. ಮೂಗು ಮುಚ್ಚಿಕೊಳ್ಳುವ ವಾಸನೆಯಲ್ಲ. "ತರಗತಿಯಲ್ಲಿ ನಾನು ತಿಳಿಯದೆ ಆಡಿದೆ" ಎಂದೆನು. ತಂದೆಗೆ ಅದೇನೆಂದು ಅರ್ಥವಾಗಲಿಲ್ಲ. ಹುಡುಗ ಚಿಪ್ಪನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ತುಂಬಿಕೊಟ್ಟನು.

ಇದೇ ರಸ ಸುಣ್ಣವಿಲ್ಲದ ಗಡಿಗೆಯಲ್ಲಿ ಬಿದ್ದರೆ ಕಥೆಯೇ ಬೇರೆ. ಗಾಳಿಯಲ್ಲಿ, ಗಡಿಗೆಯಲ್ಲಿ, ಹೊಂಬಾಳೆಯ ತುದಿಯಲ್ಲಿ ಕಣ್ಣಿಗೆ ಕಾಣದ ಯೀಸ್ಟ್ ಜೀವಿಗಳು ಕಾದಿರುತ್ತವೆ. ಮೊದಲ ಹನಿ ಬೀಳುವಾಗಲೇ ಅವು ಸಕ್ಕರೆಯನ್ನು ಮದ್ಯಸಾರವಾಗಿಯೂ ಅನಿಲವಾಗಿಯೂ ಒಡೆಯತೊಡಗುತ್ತವೆ. ನೊರೆ ಬರುವುದು ಆ ಅನಿಲದಿಂದ. ಸುಣ್ಣದ ಕ್ಷಾರ ಅವುಗಳ ಕೈ ಕಟ್ಟಿಹಾಕುತ್ತದೆ, ಅಷ್ಟೆ. ಬೆಳಗಿನ ಸಿಹಿ ಮಧ್ಯಾಹ್ನಕ್ಕೆ ಹುಳಿಸಿಹಿ, ಸಂಜೆಗೆ ಹುಳಿ. ಅಷ್ಟರಲ್ಲಿ ನೂರಕ್ಕೆ ನಾಲ್ಕೈದು ಪಾಲು ಮದ್ಯಸಾರ. ಮತ್ತೂ ಕೆಲವು ದಿನ ಬಿಟ್ಟರೆ ಅದು ಕಳ್ಳೂ ಅಲ್ಲ, ಬರೀ ಹುಳಿರಸ, ಅಡುಗೆಗೆ ಬಂದೀತು. ದ್ರಾಕ್ಷಾರಸ ಮುದುಕನಾದಷ್ಟೂ ಅದರ ಬೆಲೆ ಏರುವುದೆಂದು ಕೇಳಿದ್ದೇವೆ. ಕಳ್ಳಿಗೆ ಮುಪ್ಪೆಂಬುದಿಲ್ಲ. ಹುಟ್ಟಿದ ಊರಿನಲ್ಲಿ, ಹುಟ್ಟಿದ ದಿನವೇ ಅದರ ಬಾಳು ಮುಗಿಯಬೇಕು. ಅದನ್ನು ರೈಲಿನಲ್ಲಿ ಕಳಿಸಲಾಗದು, ಸೀಸೆಯಲ್ಲಿ ಬಿಗಿದು ಮುಚ್ಚಿಡಲಾಗದು. ಇಳಿಸುವವನೂ ಕುಡಿಯುವವನೂ ಒಂದೇ ಕೂಗಳತೆಯಲ್ಲಿರಬೇಕು. ದೊಡ್ಡ ಬಂಡವಾಳ ಇದರ ಹತ್ತಿರ ಸುಳಿಯದಿರಲು ಇದೇ ಕಾರಣವಿರಬೇಕೆಂದು ನನಗನಿಸಿತು. ಹಾಗೆ ಸುಳಿದಲ್ಲೆಲ್ಲ ಕಳ್ಳು ಕೆಟ್ಟಿತು.

ಮನೆಗೆ ಬಂದ ಮೇಲೆ ಗಂಜಿಯೂಟ. ಊಟದ ಹೊತ್ತಿನಲ್ಲಿ ಮಾತು ದೈವಗಳ ಕಡೆಗೆ ತಿರುಗಿತು. ಕಳ್ಳಿಗೆ ತುಳುವಿನಲ್ಲಿ 'ಕಲಿ' ಎನ್ನುತ್ತಾರೆ. ಕಲಿಯಿಲ್ಲದೆ ಇಲ್ಲಿಯ ಎಷ್ಟೋ ದೈವಗಳಿಗೆ ತೃಪ್ತಿಯಿಲ್ಲ. ತುಳುವರು ಅಜ್ಜನೆಂದು ಕರೆದು ಕೈಮುಗಿಯುವ ಕೊರಗ ತನಿಯನಿಗೆ ಚಕ್ಕುಲಿ, ವೀಳ್ಯಗಳ ಜೊತೆಗೆ ಕಳ್ಳು ಇಡುವುದು ಪದ್ಧತಿ. ಅವನ ಪಾಡ್ದನದ ಕಥೆಯನ್ನು ಹುಡುಗನ ತಾಯಿ ತುಳುವಿನಲ್ಲಿ ಹೇಳಿದರು. ಹುಡುಗ ಕನ್ನಡಕ್ಕೆ ತಿರುಗಿಸಿದನು. ತಂದೆತಾಯಿಗಳಿಲ್ಲದ, ಎಲ್ಲರಿಗಿಂತ ಕೆಳಗೆಂದು ಊರು ದೂರವಿಟ್ಟ ಕೊರಗ ಕುಲದ ಹುಡುಗ ಅವನು. ಅವನನ್ನು ಮನೆಗೆ ಕರೆದುಕೊಂಡು ಹೋಗಿ ಸಾಕಿದವಳು ಕಳ್ಳು ಮಾರುತ್ತಿದ್ದ ಮೈರಕ್ಕೆ ಬೈದೆದಿ. ಏಳು ಜನ ಹೊರುವ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನಕ್ಕೆ ತಂದವನನ್ನು ಒಳಗೆ ಬಿಡಲಿಲ್ಲ. ಅಲ್ಲಿಯೇ ಅವನು ಮಾಯವಾದನು. ಇಂದು ಅವನ ಕಟ್ಟೆಗೆ ಎಲ್ಲ ಜಾತಿಯವರೂ ಕಳ್ಳು ತಂದಿಡುತ್ತಾರೆ. ಕೋಟಿ ಚೆನ್ನಯರ ತಾಯಿ ದೇಯಿ ಬೈದೆದಿ ಬೆಳೆದುದೂ ಬಿಲ್ಲವರ ಮನೆಯಲ್ಲಿ. ಪಡುಮಲೆಯ ಬಲ್ಲಾಳನ ಕಾಲಿನ ಹುಣ್ಣನ್ನು ವಾಸಿ ಮಾಡಿದ ಮದ್ದು ಅವಳದು. ಮೂರ್ತೆ ಮಾಡುವ ಕುಲದವರಿಗೆ ಬೈದ್ಯರೆಂಬ ಹೆಸರೂ ಉಂಟು. ಮರ ತಿಳಿದವನಿಗೆ ಬೇರು ನಾರೂ ತಿಳಿದಿರುತ್ತಿತ್ತು. ಪಂಪನಿಗೆ ಪರೀಕ್ಷೆಯಲ್ಲಿ ಅಂಕ ಕೊಡುವ ನಾವು ಇಂತಹ ಕಥೆಗಳನ್ನು ಎಷ್ಟು ಕಾಲ ಬಾಗಿಲಾಚೆ ನಿಲ್ಲಿಸಿದ್ದೆವು!

ಕಳ್ಳನ್ನು ಬಂಧುತ್ವದ ಗುರುತಾಗಿ ಕಾಣುವುದು ನಮ್ಮಲ್ಲಿ ಮಾತ್ರವಲ್ಲ. ಆಫ್ರಿಕದ ನೈಜೀರಿಯದಲ್ಲಿ ಇಗ್ಬೊ ಜನರ ಮದುವೆಯಲ್ಲಿ ವಧು ತಾಳೆಗಳ್ಳಿನ ಬಟ್ಟಲನ್ನು ಹಿಡಿದು ನೆರೆದವರ ನಡುವೆ ವರನನ್ನು ಹುಡುಕಿ ಕೊಡುವಳು. ಅವನು ಕುಡಿದರೆ ಒಪ್ಪಿಗೆಯಾದಂತೆ. ಚಿನುವ ಅಚಿಬೆಯ ೧೯೫೮ರ ಕಾದಂಬರಿಯಲ್ಲಿ ತಾಳೆಗಳ್ಳು ಬರದ ಸಮಾರಂಭ ಕಡಿಮೆ. ನಮ್ಮ ಕಾರಂತರ 'ಚೋಮನ ದುಡಿ'ಯಲ್ಲಿ ಬರುವ ಕಳ್ಳು ಬೇರೆ ಜಾತಿಯದು. ಅದು ದುಃಖವನ್ನು ಮರೆಯುವುದಕ್ಕೆ. ಎರಡೂ ನಿಜವೇ. ಚೋಮನ ಮನೆಯನ್ನು ಮರೆತು ಕಳ್ಳಿನ ಗುಣಗಾನ ಮಾಡುವ ಇಚ್ಛೆ ನನಗಿಲ್ಲ.

ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ಸನ್ನವೆಂಬ ಬಿಳಿಯ ಇಡ್ಲಿಯ ಹಿಟ್ಟು ಉಬ್ಬುವುದು ಕಳ್ಳಿನಿಂದ. ಆವಿಯಲ್ಲಿ ಬೆಂದ ಮೇಲೆ ಅಮಲು ಉಳಿಯುವುದಿಲ್ಲ, ಮೃದುತ್ವ ಉಳಿಯುತ್ತದೆ. ತಿಂದು ನೋಡಿ ಹೇಳುತ್ತಿದ್ದೇನೆ. ನಮ್ಮ ಮೈಸೂರಿನ ಮಲ್ಲಿಗೆ ಇಡ್ಲಿ ಸ್ವಲ್ಪ ಎಚ್ಚರದಿಂದಿರುವುದು ಒಳ್ಳೆಯದು.

ಸಂಜೆ ಗಡಂಗನ್ನು ನೋಡಲು ಹೋದೆವು. ಇಲ್ಲಿ ಕಳ್ಳಿನಂಗಡಿಗೆ ಅದೇ ಹೆಸರು. ಒಂದು ಹೆಂಚಿನ ಮಾಡು, ಎರಡು ಬೆಂಚು, ಹುರಿದ ಮೀನಿನ ತಟ್ಟೆ. ನಾಲ್ಕೈದು ಜನ ಮುದುಕರು ಮಾತ್ರ. ಜಗಳವಿಲ್ಲ, ಹಾಡೂ ಇಲ್ಲ. ತರುಣರೆಲ್ಲ ರಸ್ತೆಯಾಚೆಯ ದೀಪಗಳು ಹೊಳೆಯುವ ಬಾರಿನಲ್ಲಿದ್ದರು. ಅಲ್ಲಿಯ ಸೀಸೆಗಳಿಗೆ ಗಳಿಗೆಯ ಚಿಂತೆಯಿಲ್ಲ.

ನನ್ನ ಬಾಲ್ಯದ ಕಳ್ಳು ಇದಲ್ಲ, ಅದು ಈಚಲಿನ ಸೇಂದಿ. ಮದ್ದೂರಿನ ಕಡೆ ನಮ್ಮಜ್ಜಿಯ ಊರಿನ ಹಳ್ಳದ ಅಂಚಿನಲ್ಲಿ ಈಚಲುವನವಿತ್ತು. ಈಡಿಗರು ಸುಳಿಯ ಕೆಳಗೆ ಕಾಂಡವನ್ನೇ ಕೆತ್ತಿ ಗಡಿಗೆ ಕಟ್ಟುತ್ತಿದ್ದರು. ಆ ದಾರಿಯಲ್ಲಿ ಹೋಗುವಾಗ ಅಜ್ಜಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದು ಬಿರುಸಾಗಿ ನಡೆಯುತ್ತಿದ್ದಳು. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಲೋಕ ಹೆಂಡವೆನ್ನುತ್ತದೆಂಬ ಗಾದೆಯನ್ನು ನಾನು ಕಲಿತುದು ಅಲ್ಲಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದನು. ಹೆಂಡ ಮಾರುವುದೇ ಅವನ ಕಾಯಕ, ಆ ಕಸುಬಿನ ಮಾತುಗಳೇ ಅವನ ವಚನಗಳ ಸಾಮಗ್ರಿ. ನಮ್ಮ ಕಾಲಕ್ಕೆ ಸಮೀಪದಲ್ಲಿ ರಾಜರತ್ನಂ ಅವರು ತಾವು ಕುಡಿಯದೆಯೇ ಹೆಂಡಗುಡುಕ ರತ್ನನನ್ನು ಕನ್ನಡಿಗರ ನಾಲಗೆಯ ಮೇಲೆ ಕುಣಿಸಿದರು. ಇವರಿಬ್ಬರನ್ನೂ ಮೆಚ್ಚಿ ಪಾಠ ಹೇಳುವ ನಾನು ಆ ಈಚಲುವನದಲ್ಲಿ ಗಡಿಗೆ ಕಟ್ಟುತ್ತಿದ್ದವನ ಮುಖವನ್ನು ಒಂದು ದಿನವೂ ನೋಡಿರಲಿಲ್ಲ. ೨೦೦೪ರಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ನಮ್ಮ ಕಡೆ ಸೇಂದಿ ನಿಂತುಹೋಯಿತು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಉಳಿಯಿತು. ೨೦೦೭ರ ಜುಲೈಯಲ್ಲಿ ಸಾರಾಯಿಯೂ ನಿಂತಿತು. ರಾಯಚೂರಿನ ಕಡೆ ಕ್ಲೋರಲ್ ಹೈಡ್ರೇಟ್ ಪುಡಿ ಕಲಸಿದ ನೀರನ್ನೇ ಸೇಂದಿಯೆಂದು ಮಾರಿ ಎಷ್ಟೋ ಸಂಸಾರಗಳನ್ನು ಕೆಡಿಸಿದ್ದರು. ಅಂತಹುದನ್ನು ನಿಲ್ಲಿಸಬಾರದೆಂದು ಯಾರು ಹೇಳಿಯಾರು? ಆದರೆ ಪುಡಿ ಕಲಸಿದವನು ಮರ ಹತ್ತಿದವನಲ್ಲ. ಊರ ಹಳ್ಳದ ಈಡಿಗ ಅನಂತರ ಏನು ಮಾಡಿದನೆಂದು ಕೇಳುವ ವಯಸ್ಸು ಆಗ ನನಗಿರಲಿಲ್ಲ. ವಯಸ್ಸಾದ ಮೇಲೂ ಕೇಳಲಿಲ್ಲ.

ಗಡಂಗಿನಿಂದ ಮನೆಗೆ ಮರಳುವಾಗ ಕತ್ತಲಾಗಿತ್ತು. ಪಡಸಾಲೆಯಲ್ಲಿ ದೀಪ ಹಚ್ಚಿದ್ದರು. ಗೋಡೆಯ ಮೇಲೆ ಹೂಮಾಲೆ ಹಾಕಿದ ನಾರಾಯಣ ಗುರುಗಳ ಚಿತ್ರ. ಅದರ ಕೆಳಗೆ, ಗೋಡೆಗೆ ಒರಗಿಸಿ, ಬೆಳಗ್ಗೆ ಕಂಡ ಕತ್ತಿ, ತಳೆ, ಬುರುಡೆ. ಮಂಗಳೂರಿನ ಕುದ್ರೋಳಿಯಲ್ಲಿ ೧೯೧೨ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿ, ಗುಡಿಯ ಬಾಗಿಲಿನಾಚೆ ನಿಂತಿದ್ದ ಬಿಲ್ಲವರಿಗೆ ತಮ್ಮದೇ ಗುಡಿಯನ್ನು ಕೊಟ್ಟವರು ಆ ಗುರುಗಳು. ಮದ್ಯವನ್ನು ತಯಾರಿಸಬಾರದು, ಕೊಡಬಾರದು, ಕುಡಿಯಬಾರದು ಎಂದು ತಮ್ಮ ಜನರಿಗೆ ಉಪದೇಶಿಸಿದವರೂ ಅವರೇ. ಚಿತ್ರವನ್ನೂ ಕತ್ತಿಯನ್ನೂ ನಾನು ಒಟ್ಟಿಗೆ ನೋಡುತ್ತಿದ್ದುದನ್ನು ತಂದೆ ಗಮನಿಸಿದರು.

"ಗೊತ್ತುಂಟು ಮಾಸ್ಟ್ರೇ, ನೀವು ಎಂತ ನೋಡಿದ್ದು ಅಂತ" ಎಂದರು. "ಗುರುಗಳು ಬೇಡ ಅಂದ್ರು. ಅವರು ಹೇಳಿದ್ದು ಸುಳ್ಳಲ್ಲ. ಹೊಟ್ಟೆ ಬೇಕು ಅಂತು. ನಾನು ದಿನಾ ಅವರಿಗೆ ಕೈಮುಗಿದೇ ಮರಕ್ಕೆ ಹೋಗುವುದು."

ಅವರ ತಂದೆಯ ಕಾಲದಲ್ಲಿ ಈ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ೧೯೩೭ರಲ್ಲಿ ರಾಜಾಜಿಯವರು ಸೇಲಂ ಜಿಲ್ಲೆಯಿಂದ ಆರಂಭಿಸಿದ ಪಾನನಿಷೇಧ ೧೯೪೮ರಲ್ಲಿ ಇಡೀ ಪ್ರಾಂತಕ್ಕೆ ಬಂದಿತು. ಆಗ ಗಡಿಗೆಗೆ ಸುಣ್ಣ ಬಳಿದು, ಸಿಹಿರಸ ಕಾಯಿಸಿ ಬೆಲ್ಲ ಮಾಡಿ ದಿನ ದೂಡಿದರಂತೆ. ಸೌದೆ ಸಾಲದೆ ಅದೂ ನಿಂತಿತು. ಮುಂದೆ ಮತ್ತೆ ಕಳ್ಳು ಬಂದಿತು, ಮರಕ್ಕಿಷ್ಟೆಂದು ತೆರಿಗೆ ಬಂದಿತು, ಮೂರ್ತೆದಾರರ ಸಹಕಾರ ಸಂಘಗಳು ಬಂದವು. ಅಂತಹ ಸಂಘಗಳಲ್ಲಿ ಅನೇಕವು ಇಂದು ಠೇವಣಿ, ಸಾಲಗಳ ವ್ಯವಹಾ­ರದಲ್ಲಿ ಚೆನ್ನಾಗಿ ನಡೆಯುತ್ತಿವೆ. ಮರ ಹತ್ತುವ ಸದಸ್ಯರೇ ಕಡಿಮೆ.

"ಇವನಿಗೆ ಕಲಿಸಿದ್ದೀರಾ?" ಎಂದು ಹುಡುಗನನ್ನು ತೋರಿಸಿ ಕೇಳಿದೆನು.

"ಇಲ್ಲ. ಕಲಿಸುವುದೂ ಇಲ್ಲ" ಎಂದರು. ಅದರಲ್ಲಿ ಸಂಶಯವೂ ಇರಲಿಲ್ಲ, ಖೇದವೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ, "ನೇಮಕ್ಕೆ ಕಲಿ ನಮ್ಮ ಮನೆಯಿಂದ ಹೋಗುವುದು. ನನ್ನ ಅಪ್ಪ ಕೊಟ್ಟಿದ್ದು, ಅಜ್ಜ ಕೊಟ್ಟಿದ್ದು. ನಾನು ಕೂತ ಮೇಲೆ ಎಲ್ಲಿಂದ ತರುವುದು? ಈಗ ಕೆಲವು ಕಡೆ ಅಂಗಡಿಯ ಬ್ರಾಂದಿ ಬಾಟ್ಲಿ ಇಡ್ತಾರೆ. ಅಜ್ಜ ಬೇಡ ಅನ್ನುವುದಿಲ್ಲ. ಆದ್ರೂ..." ಎಂದು ನಿಲ್ಲಿಸಿದರು.

ಹುಡುಗ ಎದ್ದು ಒಳಗೆ ಹೋದನು. ನಾನು ಏನಾದರೂ ಹೇಳಬೇಕೆಂದು ಮಾತು ಹುಡುಕಿದೆನು. ನೀರಾ ಇದೆ, ತಾಳೆಬೆಲ್ಲವಿದೆ, ಯಂತ್ರಗಳು ಬಂದಿವೆ ಎಂದೆಲ್ಲ ಪತ್ರಿಕೆಗಳಲ್ಲಿ ಓದಿದುದು ನಾಲಗೆಯ ತುದಿಗೆ ಬಂದಿತು. ನಾಲ್ಕು ಕುತುಬ್ ಮಿನಾರುಗಳು ನೆನಪಾಗಿ ಸುಮ್ಮನಾದೆನು. ಮಗನನ್ನು ಮರ ಹತ್ತಿಸೆಂದು ಹೇಳುವ ಅಧಿಕಾರ ನನಗೆಲ್ಲಿಂದ ಬಂದೀತು? ಹತ್ತಿಸಬೇಡವೆಂದು ಹೇಳಿದರೆ ಅಜ್ಜನ ಕಟ್ಟೆಗೆ ನಾನೇನು ತಂದಿಡಲಿ? ಒಳಗಿನಿಂದ ಹುಡುಗ ತನ್ನ ಟಿಪ್ಪಣಿ ಪುಸ್ತಕವನ್ನು ತಂದನು. ಮೂರ್ತೆಯ ಮಾತುಗಳನ್ನು, ಕತ್ತಿಯ ಭಾಗಗಳ, ಗಂಟುಗಳ, ಹೊಂಬಾಳೆಯ ಒಂದೊಂದು ಅವಸ್ಥೆಯ ತುಳು ಹೆಸರುಗಳನ್ನು, ಬರೆಯಲು ತೊಡಗಿದ್ದನು. ಎರಡು ಪುಟ ತುಂಬಿತ್ತು. ಅಲ್ಲಲ್ಲಿ ತಂದೆ ತಿದ್ದಿದರು. ರಾತ್ರಿ ಹತ್ತರವರೆಗೆ ಅದೇ ನಡೆಯಿತು. ಅಂದು ಮೇಷ್ಟರು ನಾನಾಗಿರಲಿಲ್ಲ.

ಮರುದಿನ ನಾನು ಹೊರಡುವಾಗ ತಾಯಿ ಒಂದು ಪೊಟ್ಟಣ ತಾಳೆಬೆಲ್ಲ ಕೊಟ್ಟರು. ತಂದೆ ಮರದಿಂದ ಆಗತಾನೆ ಇಳಿಸಿದ ಸಿಹಿಯನ್ನು ಒಂದು ಸೀಸೆಯಲ್ಲಿ ತುಂಬಿ, ಬಾಯಿಗೆ ಎಲೆ ಸುತ್ತಿ, "ಮಕ್ಕಳಿಗೆ ಅಂತ ಕೇಳಿದ್ರಿ. ಆದರೆ ಇದಕ್ಕೆ ಸುಣ್ಣ ಇಲ್ಲ. ಸುಳ್ಯ ದಾಟುವ ಮೊದಲು ಕುಡಿದುಬಿಡಿ. ಮೈಸೂರಿಗೆ ಹೋಗುವುದಿಲ್ಲ ಅದು" ಎಂದರು. ಮಕ್ಕಳಿಗೆ ಒಂದು ಗುಟುಕಾದರೂ ತೋರಿಸಬೇಕೆಂಬ ದುರಾಸೆಯಿಂದ ನಾನು ಎಲೆಯನ್ನು ತೆಗೆದು, ಪೇಟೆಯಲ್ಲಿ ಕೊಂಡ ಬಿರಡೆಯನ್ನು ಬಿಗಿಯಾಗಿ ಒತ್ತಿ, ಸೀಸೆಯನ್ನು ಪುಸ್ತಕಗಳ ನಡುವೆ ನಿಲ್ಲಿಸಿದೆನು.

ಸಂಪಾಜೆಯ ಘಾಟಿಯ ಮೂರನೆಯ ತಿರುವಿನಲ್ಲಿ ಮೇಲಿನ ಹಲಗೆಯಿಂದ ಢಂ ಎಂದು ಸದ್ದಾಯಿತು. ಬಿರಡೆ ಮುಂದಿನ ಸಾಲಿನ ಒಬ್ಬ ನಿವೃತ್ತ ಗೃಹಸ್ಥರ ಬೋಳು ತಲೆಗೆ ಬಡಿದು ಕೆಳಗೆ ಉರುಳಿತು. ನೊರೆ ಹಲಗೆಯಿಂದ ಸುರಿಯತೊಡಗಿತು. ಬಸ್ಸಿನವರೆಲ್ಲ ಹಿಂತಿರುಗಿ ನೋಡಿದರು, ಕಂಡಕ್ಟರರು ಮೂಗನ್ನು ಮೇಲೆತ್ತಿ ಎರಡು ಸಲ ಉಸಿರೆಳೆದು, "ಯಾರದ್ದು ಈ ಬ್ಯಾಗು?" ಎಂದರು. "ನನ್ನದು" ಎಂದೆನು. ಅವರು ನನ್ನ ಕನ್ನಡಕವನ್ನೂ ಹೆಗಲ ಚೀಲವನ್ನೂ ನೋಡಿ, "ಮೇಷ್ಟ್ರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋದರು.

ತಾಳೆಬೆಲ್ಲ ಸುರಕ್ಷಿತವಾಗಿ ಮನೆ ಸೇರಿತು. ಪುಸ್ತಕಗಳನ್ನು ನನ್ನಾಕೆ ಮೂರು ದಿನ ಮಹಡಿಯ ಬಿಸಿಲಿನಲ್ಲಿ ಹರವಿದಳು. ಎಲ್ಲವೂ ಒಣಗಿದವು. ಪಂಪಭಾರತದ ಪುಟಗಳು ಮಾತ್ರ ನಾಲ್ಕನೆಯ ಆಶ್ವಾಸದ ಹತ್ತಿರ ಒಂದಕ್ಕೊಂದು ಅಂಟಿಕೊಂಡಿವೆ. ಬಿಡಿಸುವಾಗ ಈಗಲೂ ಹುಳಿ ವಾಸನೆ ಬರುತ್ತದೆ.